ಕರಿ ಕಾರಿನ ಹೊಗೆ

ಪರದೇಶದಿಂದ ಬಂದ ಎರಡು ಹಳೆಯ ಕಾರುಗಳು ಬಂದರಿನ ಅಂಗಳದಲ್ಲಿ ಅಕ್ಕಪಕ್ಕ ನಿಂತಿದ್ದವು. ಹೊಗೆ ಹೆಚ್ಚಿದಷ್ಟೂ ತೆರಿಗೆ ಹೆಚ್ಚು ಎಂಬುದು ಅಲ್ಲಿಯ ಕಟ್ಟಳೆ. ಸುಂಕದ ಅಧಿಕಾರಿ ದೇಜಪ್ಪನವರು ಎರಡರ ಕಾಗದವನ್ನೂ ಓದಿದರು. ಕರಿ ಕಾರಿನ ಹೊಗೆ ಕಿಲೋಮೀಟರಿಗೆ ನೂರ ಮೂವತ್ತು ಗ್ರಾಂ, ಬಿಳಿ ಕಾರಿನದು ನೂರ ಇಪ್ಪತ್ತು. ಎರಡಕ್ಕೂ ಹಗುರ ತೆರಿಗೆಯೇ ಬಿತ್ತು. ಆದರೂ ಆ ಹತ್ತರ ಅಂತರ ಕರಿ ಕಾರಿನ ಹೊಟ್ಟೆಯಲ್ಲಿ ಕೆಂಡವಾಯಿತು. ನನಗಿಂತ ಇವಳು ಮೇಲೇ?

“ಸ್ವಾಮೀ, ಇವಳ ಕಾಗದ ಇವಳು ಹೊಸಬಳಿದ್ದಾಗ ಬರೆದದ್ದು. ಈಗಿನ ಹೊಗೆಯನ್ನು ಅಳೆದು ನೋಡಿ,” ಎಂದಿತು ಕರಿ ಕಾರು.

“ಮಾತು ಸರಿ,” ಎಂದರು ದೇಜಪ್ಪನವರು. “ಆದರೆ ಒಂದೇ ಹಡಗಿನಲ್ಲಿ ಬಂದವರಿಗೆ ಒಂದೇ ನ್ಯಾಯ. ಇಬ್ಬರನ್ನೂ ಅಳೆಯುತ್ತೇನೆ.”

ಬಿಳಿ ಕಾರಿನ ಅಂಕಿ ನೂರ ಇಪ್ಪತ್ತೈದಕ್ಕೆ ನಿಂತಿತು. ಕರಿ ಕಾರಿನದು ಮುನ್ನೂರು ದಾಟಿತು. ಅಷ್ಟು ತೆರಿಗೆ ಕಟ್ಟಿ ಒಯ್ಯಲಾರೆನೆಂದು ಅದರ ಒಡೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಗೇಟು ದಾಟುವ ಮುನ್ನ ಬಿಳಿ ಕಾರು ನಿಂತು ಹೇಳಿತು: “ಹಡಗು ಹತ್ತುವಾಗ ನಿನ್ನ ಬೆನ್ನಿಗೇ ಇದ್ದೆ, ಅಕ್ಕಾ. ನಿನ್ನ ಹೊಗೆಯನ್ನೆಲ್ಲ ಕುಡಿದವಳು ನಾನು. ಆದರೂ ಅಧಿಕಾರಿಗಳು ನಿನ್ನ ಕಾಗದ ಓದುವಾಗ ನಾನು ಬಾಯಿ ಬಿಡಲಿಲ್ಲ.”