ತಪ್ಪಾಗಿ ಬಿದ್ದ ಕವಡೆ

ಪಿಟೀಲು ವಾದಕ ಪದ್ಮರಾಜಯ್ಯ ಸ್ವರಗಳ ಬದಲು ಹಾಳೆಯ ಮೇಲೆ ಗೆರೆ, ಚುಕ್ಕೆ, ಸುಳಿಗಳನ್ನು ಬರೆದು, ಅದರ ಮೇಲೆ ಒಂದು ಕವಡೆ ಎಸೆಯುತ್ತಿದ್ದರು. ಕವಡೆ ಯಾವ ಚಿತ್ರದ ಮೇಲೆ ಬಿತ್ತೋ ಅದನ್ನೇ ನುಡಿಸುವುದು. ಅಂಗಾತ ಬಿದ್ದರೆ ಜೋರಾಗಿ, ಬೋರಲು ಬಿದ್ದರೆ ಮೆಲ್ಲಗೆ. ಒಂದು ದಿನದ ವಾದನವನ್ನು ಟೇಪ್ ರೆಕಾರ್ಡರ್ ಹಿಡಿದಿಟ್ಟಿತು. ಆ ಕ್ಯಾಸೆಟ್ ಮನೆಮನೆಗೂ ಹೋಯಿತು.

ಮರುವರ್ಷ ಸಭೆಯಲ್ಲಿ ಅದೇ ಕೃತಿಗೆ ಕವಡೆ ಎಸೆದರು. ಅದು ಚುಕ್ಕೆಯ ಮೇಲೆ ಬೋರಲು ಬಿತ್ತು. ಅವರು ಚುಕ್ಕೆಯನ್ನು ಮೆಲ್ಲಗೆ ನುಡಿಸತೊಡಗಿದರು.

"ತಪ್ಪು!" ಎಂದಿತು ಪಕ್ಕದಲ್ಲಿದ್ದ ರೆಕಾರ್ಡರ್. "ನೀನು ಬೀಳಬೇಕಾದದ್ದು ಸುಳಿಯ ಮೇಲೆ, ಅಂಗಾತ."

"ಅವತ್ತು ಅಲ್ಲಿ ಬಿದ್ದೆ, ಇವತ್ತು ಇಲ್ಲಿ ಬಿದ್ದೆ. ಹೇಗೆ ಬೀಳುತ್ತೇನೋ ಹಾಗೆ ಈ ಸಂಗೀತ," ಎಂದಿತು ಕವಡೆ.

"ನನ್ನನ್ನು ಸಾವಿರ ಸಲ ಕೇಳು, ಒಂದೇ ಮಾತು ಹೇಳುತ್ತೇನೆ. ನಿನಗೆ ಆ ನಿಯತ್ತಿಲ್ಲ."

ಅಷ್ಟರಲ್ಲಿ ಸಭಿಕರು, "ಕ್ಯಾಸೆಟ್ಟಿನಲ್ಲಿ ಹೀಗಿಲ್ಲವಲ್ಲ!" ಎಂದು ಗೊಣಗುತ್ತ ಏಳತೊಡಗಿದರು.

"ಸ್ವಾಮಿ, ನೀವಾದರೂ ಅವರಿಗೆ ಹೇಳಿ," ಎಂದು ಕವಡೆ ಬೇಡಿಕೊಂಡಿತು.

"ಸುಮ್ಮನಿರು. ಎದ್ದು ಹೋಗುವವರು ಬೈಯುವುದು ನಿನ್ನನ್ನಲ್ಲ, ನನ್ನನ್ನು," ಎಂದರು ಪದ್ಮರಾಜಯ್ಯ. ಕಮಾನಿಗೆ ಉಜ್ಜುವ ರಾಳವನ್ನು ವೇದಿಕೆಯ ದೀಪಕ್ಕೆ ಹಿಡಿದು ಕರಗಿಸಿ, ಕವಡೆಯನ್ನು ಸುಳಿಯ ಮೇಲೆ ಅಂಗಾತ ಅಂಟಿಸಿದರು. ಆಮೇಲೆ ಮತ್ತೆ ಪಿಟೀಲು ಎತ್ತಿಕೊಂಡು ಕ್ಯಾಸೆಟ್ಟಿನಲ್ಲಿ ಇದ್ದಂತೆಯೇ ನುಡಿಸಿದರು.

ಎದ್ದವರೆಲ್ಲ ಮತ್ತೆ ಕೂತರು. ಮುಂದಿನ ಸಾಲಿನ ರಸಿಕರೊಬ್ಬರು ಕಣ್ಣೊರೆಸಿಕೊಂಡು ಹೇಳಿದರು: "ಇದಪ್ಪಾ ಕಟ್ಟುಪಾಡಿಲ್ಲದ ಸಂಗೀತ ಅಂದರೆ!"