ಹಗ್ಗ ಹಿಡಿದವನ ವಾಚು

ಒಂದು ಬಂದರಿನಲ್ಲಿ ವಾಮನ ಎಂಬ ಬೋಟು ಮಾಲೀಕನಿದ್ದ. ಮೂರು ಬೋಟು, ಒಂದು ಮಂಜುಗಡ್ಡೆ ಕಾರ್ಖಾನೆ ಅವನದು. ಕೆಲಸದವರು ಅವನನ್ನು ಧಣಿ ಎನ್ನುತ್ತಿದ್ದರು. ಅವನ ಬಳಿ ಕೈಗಡಿಯಾರಗಳೂ ಬೇಕಾದಷ್ಟಿದ್ದವು. ಮದುವೆಗೆ ಒಂದು, ಬ್ಯಾಂಕಿಗೆ ಹೋಗುವಾಗ ಒಂದು, ಬೋಟು ಹತ್ತುವಾಗ ಒಂದು. ಮದುವೆಯದನ್ನು ಕಟ್ಟಿಕೊಂಡು ಬಂದರಿಗೆ ಬಂದರೆ ಉಪ್ಪುನೀರಿನ ಹೆದರಿಕೆ. ಬೋಟಿನದನ್ನು ಕಟ್ಟಿಕೊಂಡು ಮದುವೆಗೆ ಹೋದರೆ ನೆಂಟರ ಮುಂದೆ ನಾಚಿಕೆ. ಕೊನೆಗೆ ಅವನಿಗೆ ಸಾಕಾಯಿತು. "ಇರುವುದು ಒಂದು ಎಡಗೈ. ಎಲ್ಲ ಕಡೆಗೂ ಆಗುವ ಒಂದೇ ಒಳ್ಳೆಯ ವಾಚು ಸಾಕು" ಎಂದು ತೀರ್ಮಾನಿಸಿ ಪೇಟೆಯ ದೊಡ್ಡ ಅಂಗಡಿಗೆ ಹೋದ.

ಆ ತೀರ್ಮಾನದಲ್ಲಿ ತಪ್ಪಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು.

ಅಂಗಡಿಯವನು ಮಖಮಲ್ಲಿನ ಮೇಲೆ ಮೂರು ವಾಚು ಇಟ್ಟ. ಮೊದಲನೆಯದು ತೆಂಗಿನ ಗರಟೆಯಷ್ಟು ದಪ್ಪ. ಅಂಗಿಯ ತೋಳಿನೊಳಗೆ ಹೋಗಲೊಲ್ಲದು. ಎರಡನೆಯದಕ್ಕೆ ಚಿನ್ನದ ಅಂಚು.

"ಇದನ್ನು ಕಟ್ಟಿಕೊಂಡು ಮೀನು ಮುಟ್ಟಿದರೆ ನನ್ನ ಹೆಂಡತಿಯೇ ಬೈತಾಳೆ" ಎಂದು ವಾಮನ ಅದನ್ನು ಪಕ್ಕಕ್ಕಿಟ್ಟ.

ಮೂರನೆಯದು ಉಕ್ಕಿನದು. ಕಪ್ಪು ಮುಖ, ಕತ್ತಲಲ್ಲಿ ಹೊಳೆಯುವ ಮುಳ್ಳು. ಸುತ್ತ ಒಂದು ಬಳೆ. ತಿರುಗಿಸಿದರೆ ಕಿಟಿಕಿಟಿ ಎನ್ನುತ್ತದೆ.

"ಇದು ಮುಳುಗುವವರಿಗೆ ಅಂತಲೇ ಮಾಡಿದ್ದು ಸರ್" ಎಂದ ಅಂಗಡಿಯವನು. "ಮುಳುಗುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ಇಟ್ಟುಕೊಳ್ಳಿ. ನೀರಿನೊಳಗೆ ಎಷ್ಟು ಹೊತ್ತಾಯಿತು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಮುನ್ನೂರು ಮೀಟರ್ ಆಳಕ್ಕೆ ಹೋದರೂ ಒಂದು ಹನಿ ಒಳಗೆ ಬರುವುದಿಲ್ಲ. ಕೋಟು ಹಾಕಿಕೊಂಡು ಮದುವೆಗೂ ಹೋಗಬಹುದು."

ವಾಮನ ಅದನ್ನೇ ಕೊಂಡ. ಒಳ್ಳೆಯ ವಾಚು. ಒಳ್ಳೆಯ ಆಯ್ಕೆ. ಹಾಳಾದದ್ದು ಆಮೇಲೆ.

ಮಾರನೆಯ ದಿನದಿಂದಲೇ ಅವನು ಅದರಿಂದ ಜನರನ್ನು ಅಳೆಯತೊಡಗಿದ. ಊಟಕ್ಕೆ ಕೂತರೆ ಬಳೆ ತಿರುಗಿಸುತ್ತಿದ್ದ. ಬಲೆ ಎಳೆಯಲು ಶುರುಮಾಡಿದರೆ ತಿರುಗಿಸುತ್ತಿದ್ದ. ಕಿಟಿಕಿಟಿ ಕೇಳಿದರೆ ಸಾಕು, ಬಾಯಿಗೆ ಹೋಗುತ್ತಿದ್ದ ತುತ್ತು ಅರ್ಧಕ್ಕೆ ನಿಲ್ಲುತ್ತಿತ್ತು. ಒಮ್ಮೆ ಬಂದರಿನ ನಿಂತ ನೀರಿನಲ್ಲಿ ಜಟ್ಟಪ್ಪ ಎಂಬ ಕೆಲಸದವನನ್ನು ತಮಾಷೆಗೆ ಮುಳುಗಿಸಿ ಅಳೆದ. ಜಟ್ಟಪ್ಪ ಉಸಿರು ಕಟ್ಟಿ ಒಂದು ನಿಮಿಷ ನಲವತ್ತು ಸೆಕೆಂಡು ಒಳಗಿದ್ದ.

"ಒಂದು ಬೀಡಿಗೆ ಎಷ್ಟು ನಿಮಿಷ ಅಂತ ಅದರಲ್ಲಿ ಬರೆದಿಲ್ವಾ ಧಣಿ?" ಎಂದು ಮೇಲೆ ಬಂದ ಜಟ್ಟಪ್ಪ ಕೇಳಿದ. ಎಲ್ಲರೂ ನಕ್ಕರು. ವಾಮನ ನಗಲಿಲ್ಲ. ಒಂದು ನಿಮಿಷ ನಲವತ್ತು ಎಂಬುದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡ.

ಒಂದು ಬೆಳಿಗ್ಗೆ ವಾಮನನೂ ಬೋಟಿನಲ್ಲಿದ್ದ. ನದಿ ಕಡಲು ಸೇರುವ ಅಳಿವೆಗೆ ಇನ್ನೇನು ತಲುಪಬೇಕು, ಬೋಟನ್ನು ಮುಂದೂಡುವ ಕೆಳಗಿನ ಫ್ಯಾನಿಗೆ ಯಾರೋ ಬಿಟ್ಟುಹೋದ ಹರಕು ಬಲೆ ಸುತ್ತಿಕೊಂಡಿತು. ಇಂಜಿನ್ ನಿಂತಿತು. ಲಂಗರು ಹಾಕಿದರು. ಕೆಳಗೆ ಮರಳು, ಲಂಗರು ಕಚ್ಚಲಿಲ್ಲ. ಗಾಳಿ ಬೋಟನ್ನು ಮೆಲ್ಲಗೆ ಅಳಿವೆಯ ಬಂಡೆಗಳ ಕಡೆ ದೂಡತೊಡಗಿತು. ಯಾರಾದರೂ ಕೆಳಗೆ ಹೋಗಿ ಬಲೆ ಕೊಯ್ಯಬೇಕು. ಜಟ್ಟಪ್ಪ ಚೂರಿ ತೆಗೆದುಕೊಂಡ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡ.

ಹಗ್ಗದ ಇನ್ನೊಂದು ತುದಿ ಬೋಟು ನಡೆಸುವ ತಾಂಡೇಲ ದೇವಯ್ಯನ ಕೈಯಲ್ಲಿತ್ತು. ಅವನಿಗೆ ಅರವತ್ತು ದಾಟಿತ್ತು. ಆ ಬಂದರಿನಲ್ಲಿ ಒಂದು ಕಟ್ಟಳೆ ಉಂಟು. ಕೆಳಗಿನವನು ಮುಳುಗಿದ ಕೂಡಲೇ ಮೇಲೆ ಹಗ್ಗ ಹಿಡಿದವನೂ ಉಸಿರು ಕಟ್ಟಬೇಕು. ತನ್ನ ಎದೆ ತಡೆಯದಾದಾಗ ಹಗ್ಗ ಎಳೆಯಬೇಕು. ಅದಕ್ಕೇ ಹಗ್ಗವನ್ನು ಯಾವಾಗಲೂ ವಯಸ್ಸಾದವನಿಗೆ ಕೊಡುತ್ತಾರೆ. ಮುದುಕನ ಉಸಿರು ಬೇಗ ಮುಗಿಯುತ್ತದೆ. ಕೆಳಗಿನವನ ಜೀವ ಉಳಿಯುತ್ತದೆ.

ಜಟ್ಟಪ್ಪ ಮುಳುಗಿದ. ದೇವಯ್ಯ ಉಸಿರು ಕಟ್ಟಿದ. ಸ್ವಲ್ಪ ಹೊತ್ತಿಗೆ ಎಳೆದ. ಜಟ್ಟಪ್ಪ ಬಂದು ಉಸಿರು ತೆಗೆದುಕೊಂಡು ಮತ್ತೆ ಹೋದ. ದೇವಯ್ಯ ಮತ್ತೆ ಎಳೆದ.

ವಾಮನ ವಾಚು ನೋಡುತ್ತಿದ್ದ. "ನಲವತ್ತೈದು ಸೆಕೆಂಡಿಗೇ ಎಳೆಯುತ್ತೀಯಲ್ಲ ಮಾರಾಯ. ಹೀಗೆ ಮಾಡಿದರೆ ಬಲೆ ಕೊಯ್ಯುವ ಮೊದಲೇ ಬೋಟು ಬಂಡೆಗೆ ಹೋಗುತ್ತದೆ."

"ನನ್ನ ಉಸಿರು ಅಷ್ಟೇ ಧಣಿ."

"ನಿನ್ನ ಉಸಿರು ಯಾರಿಗೆ ಬೇಕು? ಅವನು ಒಂದು ನಿಮಿಷ ನಲವತ್ತು ಸೆಕೆಂಡು ಇರ್ತಾನೆ. ನಾನೇ ಅಳೆದಿದ್ದೇನೆ. ಕೊಡು ಇಲ್ಲಿ."

ವಾಮನ ಹಗ್ಗ ಕಸಿದುಕೊಂಡ. ಅವನ ಅಪ್ಪನೂ ಹಗ್ಗ ಹಿಡಿದು ಬದುಕಿದವನೇ. ಕಟ್ಟಳೆ ಅವನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಕೈಯಲ್ಲಿ ಅಂಥ ವಾಚು ಇರುವಾಗ ಎದೆ ಯಾಕೆ ಬಿಗಿಹಿಡಿಯಬೇಕು ಎಂದು ಅವನು ಯೋಚಿಸಿದ. ಜಟ್ಟಪ್ಪ ಮುಳುಗಿದ. ವಾಮನ ಬಳೆ ತಿರುಗಿಸಿದ. ಹಾಯಾಗಿ ಉಸಿರಾಡುತ್ತಾ ನಿಂತ.

ನಲವತ್ತೈದು ಸೆಕೆಂಡು ಆಯಿತು. ಒಂದು ನಿಮಿಷ ಆಯಿತು. ಹಗ್ಗ ಅಲುಗಾಡಿತು.

"ಕೊಯ್ತಾ ಇದ್ದಾನೆ" ಎಂದ ವಾಮನ.

ದೇವಯ್ಯ ಅಭ್ಯಾಸಬಲದಿಂದ ಈ ಸಲವೂ ಉಸಿರು ಕಟ್ಟಿದ್ದ. ಅವನ ಉಸಿರು ಮುಗಿದು ಆಗಲೇ ಬಹಳ ಹೊತ್ತಾಗಿತ್ತು. "ಎಳೀರಿ ಧಣಿ."

"ಇನ್ನೂ ಮೂವತ್ತು ಸೆಕೆಂಡು ಉಂಟು."

ಹಗ್ಗ ಜೋರಾಗಿ ಒಮ್ಮೆ ಜಗ್ಗಿತು. ಆಮೇಲೆ ಅಲುಗಾಡಲಿಲ್ಲ.

"ಎಳೀರಿ ಅಂದೆ."

"ಇನ್ನೂ ಹದಿನೈದು."

ದೇವಯ್ಯ ಧಣಿಯ ಮುಖ ನೋಡುತ್ತಾ ನಿಲ್ಲಲಿಲ್ಲ. ಹಗ್ಗಕ್ಕೆ ಕೈ ಹಾಕಿ ಎಳೆದ. ಬರಲಿಲ್ಲ. ಬೋಟಿನಲ್ಲಿದ್ದ ಉಳಿದಿಬ್ಬರು ಕೆಲಸದವರು ಓಡಿಬಂದು ಎಳೆದರು. ಹಗ್ಗ ಬಲೆಗೆ ಸಿಕ್ಕಿತ್ತು. ವಾಮನ ಬೋಟಿನ ಹಿಂಬದಿಯಲ್ಲಿ ಮಂಡಿಯೂರಿ ಬಗ್ಗಿದ. ನೀರಿನಲ್ಲಿ ಒಂದು ಮೊಳ ಕೆಳಗೆ ಜಟ್ಟಪ್ಪನ ಕೈ ಕಾಣುತ್ತಿತ್ತು. ಬೆರಳು ಬಿಡಿಸಿಕೊಂಡು ಮೇಲಕ್ಕೆ ಚಾಚಿತ್ತು. ವಾಮನ ಎಡಗೈ ಚಾಚಿದರೆ ಸಿಗುತ್ತಿತ್ತು.

ವಾಮನನ ಬಲಗೈ ಎಡಗೈಗೆ ಹೋಯಿತು. ವಾಚಿನ ಕೊಂಡಿ ಬಿಚ್ಚತೊಡಗಿತು.

ಮುನ್ನೂರು ಮೀಟರ್ ಆಳಕ್ಕೆ ಹೋಗಬಲ್ಲ ವಾಚದು. ಅದನ್ನು ಒಂದು ಮೊಳ ನೀರಿಗೆ ಹಾಕಲು ಅವನ ಕೈ ಒಪ್ಪಲಿಲ್ಲ. ಅವನು ಅದನ್ನು ಬೇಕೆಂದು ಮಾಡಲಿಲ್ಲ. ಕೈ ತಾನೇ ಮಾಡಿತು. ಮನುಷ್ಯನ ಬುದ್ಧಿ ಕಲಿತದ್ದನ್ನು ಬಾಯಿ ಹೇಳುತ್ತದೆ, ಮನಸ್ಸು ಪ್ರೀತಿಸಿದ್ದನ್ನು ಕೈ ಹೇಳುತ್ತದೆ. ಆ ಕೊಂಡಿಗೆ ಎರಡು ಬೀಗ. ಒಂದು ಬಿಚ್ಚಿತು. ಇನ್ನೊಂದು ಬಿಚ್ಚಲಿಲ್ಲ.

ಅವನ ತಲೆಯ ಮೇಲಿಂದ ದೇವಯ್ಯ ಉಟ್ಟ ಬಟ್ಟೆಯಲ್ಲೇ ಹಾರಿದ. ಮುಳುಗಿ ತನ್ನ ಸೊಂಟದ ಚೂರಿಯಿಂದ ಹಗ್ಗ ಕೊಯ್ದ. ಜಟ್ಟಪ್ಪನ ತಲೆಗೂದಲು ಹಿಡಿದು ಮೇಲೆ ತಂದ.

ಹಲಗೆಯ ಮೇಲೆ ಜಟ್ಟಪ್ಪನನ್ನು ಮಲಗಿಸಿದಾಗ ತುಟಿ ಕಪ್ಪಾಗಿತ್ತು. ದೇವಯ್ಯ ಎದೆ ಒತ್ತಿದ, ಬಾಯಿಗೆ ಉಸಿರು ಊದಿದ. ಕೊನೆಗೆ ಜಟ್ಟಪ್ಪ ಕೆಮ್ಮಿದ. ನೀರು ಕಾರಿದ. ಕಣ್ಣು ಬಿಟ್ಟ. ವಾಮನನ ಕೈಯಿಂದ ಅರ್ಧ ಬಿಚ್ಚಿ ನೇತಾಡುತ್ತಿದ್ದ ವಾಚನ್ನು ಬೋಟಿನವರೆಲ್ಲರೂ ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು.

ಬಂಡೆ ಹತ್ತಿರ ಬಂತು. ಅಲೆ ಬಂಡೆಗೆ ಬಡಿಯುವ ಸದ್ದು ಈಗ ಕೇಳುತ್ತಿತ್ತು. ಬಲೆ ಇನ್ನೂ ಅರ್ಧ ಉಳಿದಿತ್ತು. ದೇವಯ್ಯ ಇನ್ನೊಮ್ಮೆ ಮುಳುಗುವ ಸ್ಥಿತಿಯಲ್ಲಿರಲಿಲ್ಲ. ಉಳಿದಿಬ್ಬರು ನೀರು ನೋಡಿದರು, ಧಣಿಯನ್ನು ನೋಡಿದರು, ಕೂತಲ್ಲಿಂದ ಏಳಲಿಲ್ಲ.

"ಯಾರಾದರೂ ಇಳೀರಿ" ಎಂದ ವಾಮನ.

"ಹಗ್ಗ ಯಾರ ಕೈಲಿರ್ತದೆ ಧಣಿ?" ಎಂದ ಒಬ್ಬ.

ಮಲಗಿದ್ದ ಜಟ್ಟಪ್ಪ ಮೊಣಕೈ ಊರಿ ಎದ್ದು ಕೂತ. ಮಾತಿನ ನಡುನಡುವೆ ಅವನ ಎದೆ ಸೀಟಿ ಊದಿದಂತೆ ಸದ್ದು ಮಾಡುತ್ತಿತ್ತು. "ನೀವೇ ಇಳೀರಿ ಧಣಿ. ನೀವೂ ಬೋಟಿನಲ್ಲೇ ಬೆಳೆದವರಲ್ವಾ. ಹಗ್ಗ ನಾನು ಹಿಡೀತೇನೆ."

ಈಗತಾನೇ ತಾನು ಸಾಯಲು ಬಿಟ್ಟವನ ಕೈಗೆ ವಾಮನ ತನ್ನ ಹಗ್ಗ ಕೊಡಬೇಕು. ಅವನು ಸೇಡು ತೀರಿಸಿಕೊಳ್ಳಬೇಕಾದರೆ ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಕೂತರೆ ಸಾಕು. ವಾಮನ ಬಂಡೆ ನೋಡಿದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಅರ್ಧ ಬಿಚ್ಚಿದ ವಾಚಿನ ಸಮೇತ ಚೂರಿ ಹಿಡಿದು ಇಳಿದ.

ಕೆಳಗೆ ಬಲೆ ಕಲ್ಲಿನಂತೆ ಬಿಗಿದಿತ್ತು. ಒಂದು ಎಳೆ ಕೊಯ್ದರೆ ಇನ್ನೊಂದು. ಬೋಟು ಏಳುತ್ತಾ ಬೀಳುತ್ತಾ ಅವನ ತಲೆಗೆ ಬಡಿಯುತ್ತಿತ್ತು. ಎದೆ ಉರಿಯತೊಡಗಿತು. ಹತ್ತು ಎಳೆ ಕೊಯ್ದಿರಲಿಲ್ಲ, ಒಂದು ಯುಗ ಕಳೆದಂತಾಯಿತು. ಇನ್ನು ಎಳೆಯುವುದಿಲ್ಲ, ಇವನು ನನ್ನನ್ನು ಇಲ್ಲೇ ಬಿಡುತ್ತಾನೆ ಎಂದುಕೊಂಡ. ಅಷ್ಟರಲ್ಲಿ ಸೊಂಟ ಜಗ್ಗಿತು. ಹಗ್ಗ ಅವನನ್ನು ಬೆಳಕಿಗೆ ಎಳೆದುಕೊಂಡಿತು.

ಬೋಟಿನ ಅಂಚು ಹಿಡಿದು ಅವನು ಏದುಸಿರು ಬಿಟ್ಟ. "ಎಷ್ಟು ಹೊತ್ತು ಇದ್ದೆ?"

"ಇಪ್ಪತ್ತು ಸೆಕೆಂಡೂ ಇಲ್ಲ" ಎಂದ ದೇವಯ್ಯ.

"ಮತ್ತೆ ಇಷ್ಟು ಬೇಗ ಯಾಕೆ ಎಳೆದೆ ಜಟ್ಟಪ್ಪ?"

ಜಟ್ಟಪ್ಪ ಹಗ್ಗವನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡು ಹಲಗೆಗೆ ಒರಗಿ ಕೂತಿದ್ದ. ಮುಖ ಬಿಳಿಚಿತ್ತು. "ನನ್ನ ಉಸಿರು ಈಗ ಅಷ್ಟೇ ಉಳಿದಿದೆ ಧಣಿ" ಎಂದ.

ವಾಮನ ತಲೆ ಎತ್ತಲಿಲ್ಲ. ಮತ್ತೆ ಮುಳುಗಿದ. ಆ ಬೆಳಿಗ್ಗೆ ಅವನು ಹದಿಮೂರು ಸಲ ಮುಳುಗಿದ. ಹದಿಮೂರನೆಯ ಸಲಕ್ಕೆ ಬಲೆ ಕಳಚಿತು, ಬೋಟು ಬಂಡೆಯಿಂದ ಪಾರಾಯಿತು. ಹದಿಮೂರು ಸಲವೂ ಜಟ್ಟಪ್ಪ ತನ್ನ ಒಡೆದ ಎದೆಯಲ್ಲಿ ಉಸಿರು ಕಟ್ಟಿದ. ಹದಿಮೂರು ಸಲವೂ ಎಳೆದ.

ನೀತಿ: ನಿನಗೆ ಬೇಕಾದ ಒಳ್ಳೆಯ ವಸ್ತುವನ್ನು ಆರಿಸಿ ಕೊಂಡುಕೋ, ದಿನವೂ ಬಳಸು. ಅದು ಪಾಪವಲ್ಲ. ಆದರೆ ದುಡಿಯುವವನ ದಣಿವನ್ನು ದಡದಲ್ಲಿ ನಿಂತು ಅಳೆಯಬೇಡ. ಇನ್ನೊಬ್ಬನ ಜೀವದ ಹಗ್ಗ ಹಿಡಿಯುವ ಹಕ್ಕು ಅವನ ಜೊತೆ ಉಸಿರು ಕಟ್ಟಬಲ್ಲವನಿಗೆ ಮಾತ್ರ ಉಂಟು. ಅದಾಗದವನು ಹಗ್ಗ ಬಿಟ್ಟು ದೂರ ನಿಲ್ಲಲಿ.