ಅಲೆಗೆ ಎದುರು ಬಂದ ಮರುವಾಯಿ

ಕಡಲ ದಡದ ಮೇಲೆ ಆಳವಾದ ಬಿಲ ತೋಡಿದ್ದ ಏಡಿಗೆ ತನ್ನ ಮನೆಯ ಬಗ್ಗೆ ಬಲು ಜಂಬ. ಒಂದು ಬೆಳಿಗ್ಗೆ ಅದು ತಿನಿಸು ಹುಡುಕುತ್ತ ನೀರಿನಂಚಿಗೆ ಇಳಿಯಿತು. ಅಲ್ಲಿ ಉಗುರಿನಷ್ಟು ಚಿಕ್ಕ ಜೋಡಿಚಿಪ್ಪಿನೊಳಗೆ ಬಾಳುವ ಮರುವಾಯಿ ಎಂಬ ಜೀವಿಯೊಂದು ಅಲೆ ಬಂದಾಗಲೆಲ್ಲ ಮರಳಿನಿಂದ ಹೊರಬಿದ್ದು, ನೀರಿನೊಡನೆ ಉರುಳಿ, ಹೊಸ ಜಾಗದಲ್ಲಿ ಹೂತುಕೊಳ್ಳುತ್ತಿತ್ತು.

“ಅಲೆ ಬಂದರೆ ಎಲ್ಲರೂ ಒಳಗೆ ಓಡುತ್ತಾರೆ, ನೀನು ಹೊರಗೆ ಬರುತ್ತೀಯಲ್ಲೇ! ನಿನಗೆ ಮನೆಮಠ ಇಲ್ಲವೇ?” ಎಂದು ಏಡಿ ಗದರಿತು.

“ಅಲೆ ನನ್ನನ್ನು ಊಟವಿದ್ದಲ್ಲಿಗೆ ಒಯ್ಯುತ್ತದೆ, ಏಡಿಯಣ್ಣ. ಇಳಿದಲ್ಲಿ ಅಗೆದುಕೊಂಡರೆ ಅದೇ ಮನೆ.”

ಏಡಿ ನಗುವಷ್ಟರಲ್ಲಿ ಮರಳಿನ ಮೇಲೆ ಹದ್ದಿನ ನೆರಳು ಬಿತ್ತು.

“ಇಲ್ಲೇ ಅಗೆದು ಅಡಗಿಕೊಳ್ಳಿ, ಅಣ್ಣಾ!” ಎಂದು ಕೂಗಿ ಮರುವಾಯಿ ಮರಳಿನೊಳಗೆ ಮಾಯವಾಯಿತು.

ಕಾಲಡಿಯ ಮರಳು ಬೆಣ್ಣೆಯಂತೆ ಮೆತ್ತಗಿದ್ದರೂ ಏಡಿ ಮಾತ್ರ ದೂರದ ತನ್ನ ಬಿಲಕ್ಕೇ ಓಡಿತು. ಒಂದು ಕಾಲನ್ನು ಹದ್ದಿಗೆ ಬಿಟ್ಟು ಹೇಗೋ ಒಳಸೇರಿತು. ಅಲ್ಲಿಂದ ಇಣುಕಿದರೆ, ಹದ್ದು ಮರುವಾಯಿ ಹೂತ ಜಾಗವನ್ನು ಕೆದಕಿ ಕೆದಕಿ, ಅಲ್ಲಿ ಏನೂ ಸಿಗದೆ ಹಾರಿಹೋಗುತ್ತಿತ್ತು.

ಮರುದಿನ ಏಡಿ ಕುಂಟುತ್ತ ಬಂದು ಕೈಮುಗಿಯಿತು. “ಅಕ್ಕಾ, ನಿಮ್ಮ ವಿದ್ಯೆಯನ್ನು ನನಗೂ ಹೇಳಿಕೊಡಿ.”

“ಮೊದಲು ಬಿಲದ ಕಡೆ ನೋಡುವುದನ್ನು ಬಿಡಿ, ಅಣ್ಣ. ಅಗೋ, ಅಲೆ ಬಂತು!”

ಏಡಿ ಹುಟ್ಟಿದಂದಿನಿಂದ ಮೊದಲ ಸಲ ಅಲೆಗೆ ಬೆನ್ನು ತೋರಿಸದೆ ನಿಂತಿತು.